ನಮ್ಮ ಶಾಲೆಯ ತಿಪ್ಪೆಗುಂಡಿ

ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪೇರುದ್ರ ಎಂಬ ಹೆಸರುಗಳು ಯಾವ ವರ್ಷವೂ ತಪ್ಪುವುದಿಲ್ಲ. ದೂರದ ಪಟ್ಟಣದಿಂದ ಹೊಸದಾಗಿ ಬಂದ ಉಪಾಧ್ಯಾಯರೊಬ್ಬರು ಮೊದಲ ದಿನ ಹೆಸರು ಕೂಗುತ್ತ ನಕ್ಕುಬಿಟ್ಟರು. ತಿಪ್ಪೆಯ ಹೆಸರನ್ನು ಮಕ್ಕಳಿಗೆ ಇಡುವುದುಂಟೆ ಎಂದು ನಮ್ಮನ್ನು ಕೇಳಿದರು. ಉಂಟು. ಗಡಿಯಾಚೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳು ಗಡಿಯ ಎರಡೂ ಕಡೆ ಇವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಮತ್ತೆ ಎತ್ತಿಕೊಂಡು, 'ತಿಪ್ಪ' ಎಂದು ಕರೆಯುವ ಪದ್ಧತಿಯೂ ಹಿಂದೆ ಇತ್ತು. ಕೆಲವು ಊರುಗಳಲ್ಲಿ ದೀಪಾವಳಿಯಂದು ತಿಪ್ಪೆಗೂ ಒಂದು ದೀಪ ಇಡುತ್ತಾರೆ. ಹೀಗೆ ಮನೆಯ ಮಗುವಿಗೆ ಹೆಸರಾಗುವಷ್ಟು ಗೌರವ ಪಡೆದಿದ್ದ ತಿಪ್ಪೆ ಈಗ ಮೂಗು ಮುಚ್ಚಿಕೊಂಡು ದಾಟುವ ಜಾಗವಾಗಿದೆ. ಅದು ಹೇಗಾಯಿತು, ನಮ್ಮ ಶಾಲೆಯಲ್ಲಿ ಅದನ್ನು ಸರಿಪಡಿಸಲು ಹೋಗಿ ನಾವು ಎಲ್ಲೆಲ್ಲಿ ಎಡವಿದೆವು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಈ ಸಂಚಿಕೆಯಲ್ಲಿ ತಿಳಿಸಬೇಕೆಂದಿದ್ದೇವೆ.

ಹಿಂದಿನ ತಿಪ್ಪೆಗೆ ಏನೇನು ಬೀಳುತ್ತಿತ್ತು ನೋಡಿ. ಸಗಣಿ, ಗಂಜಲದ ಮಣ್ಣು, ಒಲೆಯ ಬೂದಿ, ರಾಗಿಯ ಹೊಟ್ಟು, ತರಕಾರಿಯ ಸಿಪ್ಪೆ, ಊಟ ಮಾಡಿದ ಮುತ್ತುಗದೆಲೆ, ಶೇಂಗಾ ಸಿಪ್ಪೆ. (ರಾಯದುರ್ಗದ ಹುಡುಗರು ಶೇಂಗಾ ಎನ್ನುತ್ತಾರೆ, ಮಡಕಶಿರಾ, ರೊಳ್ಳ, ಅಗಳಿ ಕಡೆಯಿಂದ ಬಂದು ನಮ್ಮ ಹಾಸ್ಟೆಲಿನಲ್ಲಿರುವ ಮಕ್ಕಳು ಕಡ್ಲೆಕಾಯಿ ಎನ್ನುತ್ತಾರೆ. ಇದರ ಮೇಲೆ ತರಗತಿಯಲ್ಲಿ ಜಗಳವೇ ಆಗಿದೆ.) ಇವುಗಳಲ್ಲಿ ಕೊಳೆಯದ ವಸ್ತು ಒಂದೂ ಇಲ್ಲ. ಹರಿದ ಸೀರೆ ತಿಪ್ಪೆಗೆ ಹೋಗುತ್ತಿರಲಿಲ್ಲ, ಕೌದಿಯಾಗುತ್ತಿತ್ತು. ಒಡೆದ ಹಿತ್ತಾಳೆ ಪಾತ್ರೆಯನ್ನು ಕೊಟ್ಟು ಹೊಸದಕ್ಕೆ ಬದಲಾಯಿಸಿಕೊಳ್ಳುತ್ತಿದ್ದರು. ಆದ್ದರಿಂದ ಯಾರೂ ಏನನ್ನೂ ಬೇರೆ ಮಾಡಬೇಕಾಗಿರಲಿಲ್ಲ. ಎಲ್ಲವನ್ನೂ ಒಂದೇ ಕಡೆ ಸುರಿದರೂ ಉಗಾದಿ ಕಳೆದ ಮೇಲೆ ಗಾಡಿ ಹೂಡಿ ಹೊಲಕ್ಕೆ ಗೊಬ್ಬರ ಹೊಡೆಯಬಹುದಾಗಿತ್ತು. ನಮ್ಮ ಹಿರಿಯರು ಶುಚಿಯಲ್ಲಿ ನಮಗಿಂತ ಮೇಲಾಗಿದ್ದರೆಂದು ನಾವು ಹೇಳುತ್ತಿಲ್ಲ. ಅವರ ಕಸವೇ ಬೇರೆ ಜಾತಿಯದಾಗಿತ್ತು.

ಈಗ ಕಸ ಬದಲಾಗಿದೆ, ಸುರಿಯುವ ಕೈ ಬದಲಾಗಿಲ್ಲ. ಎಲ್ಲ ತೊಂದರೆಯ ಬೇರು ಇರುವುದು ಇಲ್ಲಿಯೇ.

ನಮ್ಮ ಶಾಲೆಯ ಹಿಂಬದಿಯ ಗೋಡೆಯ ಪಕ್ಕ ಒಂದು ಕಪ್ಪು ಜಾಗವಿತ್ತು. ಪ್ರತಿದಿನ ಸಂಜೆ ಆಯಮ್ಮನವರು ತರಗತಿಗಳನ್ನು ಗುಡಿಸಿ, ಕಾಗದ, ಬೇವಿನೆಲೆ, ಚಾಕಲೇಟ್ ಕಾಗದ, ಪೆನ್ನಿನ ರೀಫಿಲ್, ಹಾಲಿನ ಕವರ್ ಎಲ್ಲವನ್ನೂ ಅಲ್ಲಿ ಒಟ್ಟಿ ಬೆಂಕಿ ಹಚ್ಚುತ್ತಿದ್ದರು. ಹೊಗೆ ಹಾಸ್ಟೆಲಿನ ಕಿಟಕಿಗೆ ಹೋಗುತ್ತಿತ್ತು. ಆಯಮ್ಮನವರಿಗೆ ಕೆಮ್ಮು ಹಿಡಿದು ವರ್ಷವಾಗಿತ್ತು. ನಾವು ಅದನ್ನು ಅವರ ಪ್ರಕೃತಿಯೆಂದೇ ತಿಳಿದಿದ್ದೆವು. ಪ್ಲಾಸ್ಟಿಕ್ ಕಡಿಮೆ ಬಿಸಿಯಲ್ಲಿ ಅರೆಬರೆ ಉರಿಯುವಾಗ ಕಣ್ಣಿಗೆ ಕಾಣದ ಮಸಿಯ ಕಣಗಳೂ ವಿಷದ ಅನಿಲಗಳೂ ಬರುತ್ತವೆ. ಪಿ.ವಿ.ಸಿ. ಎಂಬ ಜಾತಿಯ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತವೆ. ಇದನ್ನು ವಿಜ್ಞಾನದ ಉಪಾಧ್ಯಾಯರು ಹತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದಾಗಲೇ ಕಿಟಕಿಯಿಂದ ಹೊಗೆ ಒಳಗೆ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಈಗ ಬರ್ತಾ ಇರೋದು ಯಾವುದು ಸಾರ್?" ಎಂದು ಕೇಳಿದ. ಅದು ತಲೆಹರಟೆಯ ಪ್ರಶ್ನೆಯಾಗಿರಲಿಲ್ಲ. ಅಂದಿನಿಂದ ಬೆಂಕಿ ನಿಂತಿತು.

ಬೆಂಕಿ ನಿಂತ ಕೂಡಲೆ ಕಸವೇನೂ ಮಾಯವಾಗಲಿಲ್ಲ. ಗೋಡೆಯ ಪಕ್ಕ ಗುಡ್ಡೆ ಬೆಳೆಯತೊಡಗಿತು. ದನಗಳು ಬಂದು ಮೇಯತೊಡಗಿದವು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆಯೆಂದು ನೀವು ಓದಿದ್ದೀರಿ. ಸಾರು ಹತ್ತಿದ ಪ್ಲಾಸ್ಟಿಕ್ ಚೀಲವನ್ನು ದನ ನುಂಗಿದರೆ ಅದು ಮೊದಲನೆಯ ಕೋಣೆಯಲ್ಲಿಯೇ ಉಳಿಯುತ್ತದೆ. ಕರಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ದಿನದಿಂದ ದಿನಕ್ಕೆ ಸೇರಿ ಉಂಡೆಯಾಗುತ್ತದೆ. ಹೊಟ್ಟೆ ತುಂಬಿದಂತೆ ತೋರುತ್ತದೆ, ಆದರೆ ದನ ಬಡಕಲಾಗುತ್ತದೆ. ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಒಂದೊಂದು ಹಸುವಿನ ಹೊಟ್ಟೆಯಿಂದ ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳ ಮನೆಯ ಹಸು ಹೀಗೆಯೇ ಹೋಯಿತು. ಅದು ನಮ್ಮ ಗೋಡೆಯ ಪಕ್ಕ ಮೇಯುತ್ತಿದ್ದ ಹಸುಗಳಲ್ಲಿ ಒಂದು. ಅವಳು ನಮ್ಮನ್ನು ಏನೂ ಕೇಳಲಿಲ್ಲ. ಹಾಲು ಮಾರಿ ಬಂದ ಹಣದಿಂದಲೇ ಅವಳ ಹಾಸ್ಟೆಲ್ ಖರ್ಚು ನಡೆಯುತ್ತಿತ್ತೆಂದು ಆಮೇಲೆ ತಿಳಿಯಿತು.

ಆಗ ಗೊಬ್ಬರದ ಗುಂಡಿ ಮಾಡೋಣವೆಂದು ತೀರ್ಮಾನಿಸಿದೆವು. ಪುಸ್ತಕ ನೋಡಿ ಮೊದಲು ಮಾಡಿದ್ದು ನೆಲದ ಮೇಲಿನ ರಾಶಿ. ಇದಕ್ಕೆ ಇಂದೋರ್ ಪದ್ಧತಿ ಎನ್ನುತ್ತಾರೆ. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಕೃಷಿ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು ನಮ್ಮ ದೇಶದ ರೈತರಿಂದಲೂ ಕಲಿತು ಇದನ್ನು ರೂಪಿಸಿದರು. ಒಣ ಕಸ, ಹಸಿ ಕಸ, ಸಗಣಿ ಇವನ್ನು ಪದರ ಪದರವಾಗಿ ಹಾಕಿ, ಆಗಾಗ ನೀರು ಚಿಮುಕಿಸಿ, ಕೆಲವು ವಾರಗಳಿಗೊಮ್ಮೆ ತಿರುವಿ ಹಾಕಬೇಕು. ಒಳಗೆ ಗಾಳಿಯಾಡಿದರೆ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡಿ ರಾಶಿ ಐವತ್ತೈದು ಅರವತ್ತು ಡಿಗ್ರಿವರೆಗೆ ಬಿಸಿಯಾಗುತ್ತದೆ. ಒಳ್ಳೆಯ ಪದ್ಧತಿ. ಆದರೆ ನಮ್ಮ ಸೀಮೆಗೆ ಬೀಳುವ ಮಳೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು. ಬೇಸಿಗೆಯ ಗಾಳಿಗೆ ನಮ್ಮ ರಾಶಿ ಹಪ್ಪಳದಂತೆ ಒಣಗಿತು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವಾಗ ಕಸಕ್ಕೆ ನೀರು ಹೊಯ್ಯಿರೆಂದು ಮಕ್ಕಳಿಗೆ ಹೇಳಲು ನಮಗೇ ಬಾಯಿ ಬರಲಿಲ್ಲ. ಜೂನ್‌ನಲ್ಲಿ ನೋಡಿದರೆ ಹಾಕಿದ ಬೇವಿನೆಲೆ ಬೇವಿನೆಲೆಯಾಗಿಯೇ ಇತ್ತು.

ಇದಕ್ಕೆ ಉತ್ತರ ದೂರದಲ್ಲಿರಲಿಲ್ಲ. 1939ರಲ್ಲಿ ಬೆಂಗಳೂರಿನಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ರೂಪಿಸಿದ ಕಾಂಪೋಸ್ಟ್ ವಿಧಾನವೊಂದಿದೆ. ಜಗತ್ತಿನ ಕೃಷಿ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಪದ್ಧತಿ' ಎಂದೇ ಹೆಸರು. ಇಲ್ಲಿ ರಾಶಿಯಲ್ಲ, ಗುಂಡಿ. ಸುಮಾರು ಮೂರಡಿ ಆಳ. ಕಸ ಒಂದು ಪದರ, ಅದರ ಮೇಲೆ ಪಟ್ಟಣಗಳಲ್ಲಿ ಆಗ ಸಂಗ್ರಹವಾಗುತ್ತಿದ್ದ ಮಲದ ಒಂದು ಪದರ. ಹೀಗೆ ಗುಂಡಿ ತುಂಬಿಸಿ ಕೊನೆಗೆ ಮೇಲೆ ಮಣ್ಣು ಮೆತ್ತಿ ಮುಚ್ಚುತ್ತಾರೆ. ನಾವು ಮಲದ ಬದಲು ಸಗಣಿಯ ಬಗ್ಗಡ ಹಾಕಿದೆವು. ಮೊದಲ ಒಂದು ವಾರ ಹತ್ತು ದಿನ ಒಳಗೆ ಉಳಿದಿರುವ ಗಾಳಿಯಿಂದ ಕಸ ಬಿಸಿಯಾಗಿ ಬೇಯುತ್ತದೆ. ಆಮೇಲೆ ಗಾಳಿಯಿಲ್ಲದೆಯೂ ಬದುಕುವ ಸೂಕ್ಷ್ಮಜೀವಿಗಳು ನಿಧಾನವಾಗಿ ಕೊಳೆಯಿಸುತ್ತವೆ. ತಿರುವುವ ಕೆಲಸವಿಲ್ಲ, ದಿನವೂ ನೀರು ಹಾಕಬೇಕಾಗಿಲ್ಲ, ಮಣ್ಣಿನ ಮುಚ್ಚಳವಿರುವುದರಿಂದ ತೇವ ಆರುವುದಿಲ್ಲ, ನೊಣವೂ ಮುತ್ತುವುದಿಲ್ಲ. ಮಳೆ ಕಡಿಮೆಯಿರುವ ಸೀಮೆಗೆ ಹೇಳಿ ಮಾಡಿಸಿದ್ದು. ಅವಸರ ಮಾತ್ರ ಸಲ್ಲದು, ಗೊಬ್ಬರವಾಗಲು ಆರೆಂಟು ತಿಂಗಳು ಬೇಕು. ಅಷ್ಟಕ್ಕೂ ಇದು ನಮ್ಮ ತಿಪ್ಪೆಗುಂಡಿಯೇ, ಸ್ವಲ್ಪ ಲೆಕ್ಕಾಚಾರ ಕಲಿತ ತಿಪ್ಪೆಗುಂಡಿ.

ಲೆಕ್ಕಾಚಾರವೆಂದರೆ ಇಷ್ಟು. ಕೊಳೆಯಿಸುವ ಜೀವಿಗಳಿಗೆ ಇಂಗಾಲವೂ ಬೇಕು, ಸಾರಜನಕವೂ ಬೇಕು. ಒಣ ಎಲೆ, ಶೇಂಗಾ ಸಿಪ್ಪೆ, ಕಾಗದ ಇವುಗಳಲ್ಲಿ ಇಂಗಾಲ ಹೆಚ್ಚು. ತರಕಾರಿ ಸಿಪ್ಪೆ, ಉಳಿದ ಅನ್ನ, ಸಗಣಿ ಇವುಗಳಲ್ಲಿ ಸಾರಜನಕ ಹೆಚ್ಚು. ಸಾರಜನಕ ಒಂದು ಪಾಲಿಗೆ ಇಂಗಾಲ ಮೂವತ್ತು ಪಾಲು ಇದ್ದರೆ ಹದ. ತಕ್ಕಡಿ ಹಿಡಿದು ತೂಗಬೇಕಾಗಿಲ್ಲ. ಗುಂಡಿ ನಾರಿದರೆ ಒಣಗಿದ್ದು ಹಾಕಿ, ಕೊಳೆಯದೆ ಬಿದ್ದಿದ್ದರೆ ಹಸಿಯದು ಹಾಕಿ. ಕೈಗೆ ತೆಗೆದುಕೊಂಡು ಹಿಂಡಿದರೆ ಹಿಂಡಿದ ಒದ್ದೆ ಬಟ್ಟೆಯಂತಿರಬೇಕು, ನೀರು ಸುರಿಯಬಾರದು. ಮಧ್ಯಾಹ್ನದ ಊಟದ ಮೊಟ್ಟೆಯ ಚಿಪ್ಪನ್ನು ಪುಡಿ ಮಾಡಿ ಹಾಕುತ್ತೇವೆ, ಅದರಲ್ಲಿರುವುದು ಸುಣ್ಣ. ಪುಡಿ ಮಾಡದಿದ್ದರೆ ವರ್ಷವಾದರೂ ಹಾಗೆಯೇ ಇರುತ್ತದೆ.

ಎರಡನೆಯ ವರ್ಷ ಗೊಬ್ಬರವಾಯಿತು. ಕಪ್ಪಗೆ, ಹೊಸ ಮಳೆಯ ಮಣ್ಣಿನ ವಾಸನೆಯ ಗೊಬ್ಬರ. ನಮಗೆ ಹೆಮ್ಮೆಯೋ ಹೆಮ್ಮೆ. ಒಂಬತ್ತನೆಯ ತರಗತಿಯ ಹುಡುಗನ ತಾತನವರಿಗೆ ಒಂದು ಗಾಡಿ ಕೊಟ್ಟೆವು. ಹದಿನೈದು ದಿನ ಕಳೆದ ಮೇಲೆ ಅವರು ಒಂದು ಮಂಕರಿ ಹೊತ್ತುಕೊಂಡು ಬಂದು ಉಪಾಧ್ಯಾಯರ ಕೋಣೆಯ ಮುಂದೆ ಇಳಿಸಿದರು. ಅದರ ತುಂಬ ಪೆನ್ನಿನ ಮುಚ್ಚಳ, ಬ್ಲೇಡು, ಶಾಂಪೂ ಚೀಟಿ, ಪಾಪ್‌ಕಾರ್ನ್ ಕವರು, ಹೇರ್‌ಪಿನ್ನು.

"ಮೇಷ್ಟ್ರೇ, ನೀವು ಕೊಟ್ಟಿದ್ದು ಗೊಬ್ಬರಾನೋ, ಕಿರಾಣಿ ಅಂಗಡೀನೋ? ಹೊಲದಾಗೆ ಆರಿಸಿ ಆರಿಸಿ ನಡ ಬಿದ್ದೋಯ್ತು."

ಅವರು ನಗುತ್ತಲೇ ಹೇಳಿದರು. ಬ್ಲೇಡಿನಿಂದ ಅಂಗೈ ಕುಯ್ದಿದ್ದನ್ನು ಮಾತ್ರ ತೋರಿಸಲಿಲ್ಲ. ಮೊಮ್ಮಗ ಮರುದಿನ ಹೇಳಿದ. ಗುಂಡಿಯ ವಿಧಾನವನ್ನೆಲ್ಲ ಸರಿಯಾಗಿ ಕಲಿತಿದ್ದ ನಾವು, ಗುಂಡಿಗೆ ಬೀಳುವ ಮೊದಲು ಬೇರೆ ಮಾಡಬೇಕೆಂಬುದನ್ನು ತಿಪ್ಪೆ ಸಾರಿಸಿ ಬಿಟ್ಟಿದ್ದೆವು. ಕೊನೆಯಲ್ಲಿ ಜರಡಿ ಹಿಡಿದರಾಯಿತೆಂದುಕೊಂಡಿದ್ದೆವು. ಕಲಸಿದ ಮೇಲೆ ಬೇರೆ ಮಾಡುವುದು ಅಕ್ಕಿಯಲ್ಲಿ ಉಪ್ಪು ಬೆರೆಸಿ ಆರಿಸಿದಂತೆ. ಇದೇ ತಪ್ಪನ್ನು ಬೆಂಗಳೂರಿನಂಥ ನಗರವೂ ಮಾಡಿತು. ಬೇರೆ ಮಾಡದ ಕಸವನ್ನು ಲಾರಿಗಟ್ಟಲೆ ಮಂಡೂರಿನಲ್ಲಿ ಸುರಿದು, ಅಲ್ಲಿಯ ನೀರೂ ಗಾಳಿಯೂ ಕೆಟ್ಟು, ಹಳ್ಳಿಯವರು ರಸ್ತೆಗೆ ಇಳಿದ ಮೇಲೆ 2014ರಲ್ಲಿ ಲಾರಿಗಳು ನಿಂತವು. 2016ರ ಘನತ್ಯಾಜ್ಯ ನಿಯಮಗಳು ಪ್ರತಿ ಮನೆಯವರೂ ಕಸವನ್ನು ಮೂರಾಗಿ ವಿಂಗಡಿಸಬೇಕೆಂದು ಹೇಳಿದ್ದು ಇದಕ್ಕಾಗಿಯೇ: ಕೊಳೆಯುವುದು, ಕೊಳೆಯದ್ದು, ಅಪಾಯದ್ದು.

ಅಂದಿನಿಂದ ಪ್ರತಿ ತರಗತಿಯ ಬಾಗಿಲಲ್ಲಿ ಎರಡು ಡಬ್ಬಗಳಿವೆ, ಸಿಬ್ಬಂದಿಯ ಕೋಣೆಯಲ್ಲಿ ಮೂರನೆಯದು. ಮೂರನೆಯದಕ್ಕೆ ಬ್ಲೇಡು, ಬ್ಯಾಟರಿ, ಒಡೆದ ಬಲ್ಬು. ಹೆಣ್ಣುಮಕ್ಕಳು ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿಡಬೇಕೆಂದು ಅಧ್ಯಾಪಿಕೆಯರು ಹೇಳಿಕೊಟ್ಟಿದ್ದಾರೆ. ಎತ್ತುವವರ ಕೈಯೂ ಕೈಯೇ ತಾನೆ. ಡಬ್ಬ ಇಟ್ಟ ಮೊದಲ ತಿಂಗಳು ಎರಡರಲ್ಲಿಯೂ ಎಲ್ಲವೂ ಇತ್ತು. ಮೇಲೆ ಬರೆದ ಬೋರ್ಡನ್ನು ಯಾರೂ ಓದುವುದಿಲ್ಲವೆಂಬುದು ಕನ್ನಡ ಉಪಾಧ್ಯಾಯರಾದ ನಮಗೆ ಸ್ವಲ್ಪ ನೋವಿನ ಸಂಗತಿ. ಆಮೇಲೆ ಒಂದೊಂದು ವಾರ ಒಂದೊಂದು ತರಗತಿಯವರೇ ಡಬ್ಬ ಸುರಿದು ಆರಿಸಬೇಕೆಂದು ಮಾಡಿದೆವು. ತಮ್ಮ ಕೈಯಿಂದಲೇ ಸಾಂಬಾರಿನೊಳಗಿನ ಪೆನ್ಸಿಲ್ ಸಿಪ್ಪೆ ತೆಗೆದ ಮಕ್ಕಳು ಮುಂದಿನ ವಾರದಿಂದ ತಪ್ಪು ಡಬ್ಬಕ್ಕೆ ಹಾಕಲಿಲ್ಲ. ಉಪಾಧ್ಯಾಯರಿಗೂ ಒಂದು ವಾರವಿದೆ.

ಒಣ ಕಸದಲ್ಲಿ ಗುಜರಿಯವನು ಕೊಳ್ಳುವುದು ಯಾವುದು, ಕೊಳ್ಳದಿರುವುದು ಯಾವುದು ಎಂಬುದು ಮಕ್ಕಳಿಗೆ ಈಗ ಬಾಯಿಪಾಠ. ರಟ್ಟು, ಹಳೆಯ ನೋಟ್‌ಬುಕ್ಕು, ಕಬ್ಬಿಣ, ನೀರಿನ ಬಾಟಲಿ ಇವುಗಳಿಗೆ ಬೆಲೆಯಿದೆ. ಹಾಲಿನ ಕವರಿಗೂ ಇದೆ, ತೊಳೆದು ಒಣಗಿಸಿದ್ದರೆ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿರೆಂದು ತಾಯಂದಿರಲ್ಲಿ ನಮ್ಮ ಕೋರಿಕೆ. ಆ ಚೂರನ್ನು ಯಾರೂ ಹೆಕ್ಕಲಾರರು, ಅದು ನೇರವಾಗಿ ಮಣ್ಣಿಗೆ ಹೋಗುತ್ತದೆ. ಅರ್ಧ ಕತ್ತರಿಸಿ ಹಾಗೆಯೇ ಬಿಟ್ಟರೆ ಕವರಿನ ಜೊತೆಗೇ ಉಳಿಯುತ್ತದೆ. ಒಂದು ಮಗ್ಗುಲು ಖಾಲಿಯಿರುವ ಪರೀಕ್ಷೆಯ ಕಾಗದಗಳನ್ನು ಹಾಸ್ಟೆಲಿನ ಮಕ್ಕಳು ಹೊಲಿದು ರಫ್ ಪುಸ್ತಕ ಮಾಡಿಕೊಳ್ಳುತ್ತಾರೆ. ಕನ್ನಡ ಮಾಧ್ಯಮದ ಪುಸ್ತಕ ನಮ್ಮ ಕಡೆ ಪ್ರತಿ ಅಂಗಡಿಯಲ್ಲೂ ಸಿಗುವ ಸರಕಲ್ಲ. ಆದ್ದರಿಂದ ಹತ್ತನೆಯವರು ಬಿಟ್ಟುಹೋದ ವ್ಯಾಕರಣ, ನಿಘಂಟು, ಹಳೆಯ ಪ್ರಶ್ನಪತ್ರಿಕೆಗಳಿಗೆ ಗುಜರಿಯ ದಾರಿ ತೋರಿಸದೆ ಗ್ರಂಥಾಲಯದಲ್ಲಿ ಇಟ್ಟುಕೊಂಡಿದ್ದೇವೆ.

ರಾಯದುರ್ಗದ್ದೇ ಆದ ಒಂದು ಕಸವಿದೆ, ಅದು ಜೀನ್ಸ್ ಚಿಂದಿ. ಬಳ್ಳಾರಿಯಂತೆ ರಾಯದುರ್ಗವೂ ಜೀನ್ಸ್ ಪ್ಯಾಂಟುಗಳ ಹೊಲಿಗೆಗೆ ಹೆಸರಾದದ್ದು. ನಮ್ಮ ಎಷ್ಟೋ ಮಕ್ಕಳ ತಾಯಂದಿರು ಆ ಕೆಲಸದಲ್ಲಿದ್ದಾರೆ. ಅದು ಹತ್ತಿ ಬಟ್ಟೆ ತಾನೆ, ಗುಂಡಿಗೆ ಹಾಕಿದರೆ ಕೊಳೆಯುತ್ತದೆಂದು ಕೆಲವರು ತಂದರು. ಅಪ್ಪಟ ಹತ್ತಿಯಾದರೆ ನಿಧಾನವಾಗಿ ಕೊಳೆಯುತ್ತದೆ. ಆದರೆ ಎಳೆದರೆ ಹಿಗ್ಗುವ ಈಗಿನ ಜೀನ್ಸಿನಲ್ಲಿ ರಬ್ಬರಿನಂತಹ ಕೃತಕ ಎಳೆ ಸೇರಿರುತ್ತದೆ, ಅದು ಕೊಳೆಯದು. ಒಲೆಗೆ ಹಾಕಿದರೂ ಅದೇ ಹೊಗೆ. ಹಾಗಾಗಿ ಚಿಂದಿಗೆ ಸೂಜಿಯೇ ಗತಿ ಎಂದು ಹೆಂಗಸರೇ ತೀರ್ಮಾನಿಸಿದರು. ಕರಿಹಲಗೆ ಒರೆಸುವ ಡಸ್ಟರು, ಸಂತೆಯ ಚೀಲ, ಹಾಸ್ಟೆಲಿಗೆ ಕೌದಿ ಆದವು. ಕೌದಿ ಭಾರ, ಚಳಿಗಾಲದಲ್ಲಿ ಅದಕ್ಕೇ ಪೈಪೋಟಿ.

ಇನ್ನು ನಮ್ಮ ಶಾಲೆಯ ಆವರಣದಲ್ಲಿಯೇ ಇರುವ ದೇವಾಲಯದ ವಿಷಯ. ಶಾಲೆ ಕ್ರೈಸ್ತ ಸಭೆಯವರದು, ಓದುವ ಮಕ್ಕಳು ಎಲ್ಲ ಮತದವರು. ಕ್ರಿಸ್‌ಮಸ್, ಸುಗ್ಗಿಯ ಹಬ್ಬ, ವಾರ್ಷಿಕೋತ್ಸವ ಇವು ಮೂರಕ್ಕೂ ಪ್ರೀತಿ ಭೋಜನ ಒಂದೇ ಅಂಗಳದಲ್ಲಿ ನಡೆಯುತ್ತದೆ. ಒಂದೊಂದು ಊಟ ಮುಗಿದಾಗಲೂ ಥರ್ಮೋಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟಗಳ ಗುಡ್ಡವೇ ಉಳಿಯುತ್ತಿತ್ತು. 2022ರ ಜುಲೈ 1ರಿಂದ ಇವುಗಳಿಗೂ ಅಲಂಕಾರದ ಥರ್ಮೋಕೋಲಿಗೂ ದೇಶದಲ್ಲಿ ನಿಷೇಧ ಬಂದಿದೆ. ಆದರೂ ಅಂಗಡಿಯಲ್ಲಿ ಬೇರೆ ಹೆಸರಿನಲ್ಲಿ ಇಂಥದೇ ಏನಾದರೂ ಸಿಗುತ್ತದೆ. ಎಲ್ಲರೂ ಮನೆಯಿಂದ ತಟ್ಟೆ ಲೋಟ ತರುವುದೆಂದು ನಾವು ಉಪಾಧ್ಯಾಯರು ಸಭೆಯಲ್ಲಿ ಸಲಹೆ ಮಾಡಿದೆವು. ಪಟ್ಟಣಗಳಲ್ಲಿ ಹೀಗೆ ಮಾಡುತ್ತಾರೆಂದು ಓದಿದ್ದೆವು, ತುಂಬ ಸುಲಭವೆಂದುಕೊಂಡಿದ್ದೆವು.

ಒಬ್ಬ ಹಿರಿಯರು ಎದ್ದು ನಿಂತರು. "ಗೌಡರ ಮನೆ ಮದುವೆಗೆ ನಮ್ಮಪ್ಪ ತನ್ನ ತಟ್ಟೆ ತಾನೇ ಹಿಡ್ಕೊಂಡು ಹೋಗಿ ಹಿತ್ತಲಾಗೆ ಕುಂತಿದ್ದು ನಾನು ಕಂಡೀನಿ. ಇಲ್ಲಿಗೂ ತಟ್ಟೆ ಹಿಡ್ಕೊಂಡು ಬಾ ಅಂತೀರಾ ಮೇಷ್ಟ್ರೇ?"

ನಮಗೆ ಉತ್ತರ ಹೊಳೆಯಲಿಲ್ಲ. ಕಸದ ಲೆಕ್ಕದಲ್ಲಿ ಸರಿಯಾಗಿದ್ದ ಸಲಹೆ ಆ ಮನುಷ್ಯನ ಲೆಕ್ಕದಲ್ಲಿ ಸರಿಯಾಗಿರಲಿಲ್ಲ. ಸಭೆ ಎರಡು ಬಾರಿ ಕೂಡಿತು. ಕೊನೆಗೆ ಹಳೆಯ ವಿದ್ಯಾರ್ಥಿಗಳೂ ಸಭೆಯವರೂ ಸೇರಿ ಸ್ಟೀಲ್ ತಟ್ಟೆ ಲೋಟಗಳನ್ನು ಕೊಂಡರು. ಅವುಗಳ ಮೇಲೆ ಯಾರ ಹೆಸರನ್ನೂ ಕೆತ್ತಿಸಿಲ್ಲ. ಯಾರು ಯಾವ ತಟ್ಟೆಯಲ್ಲಾದರೂ ಉಣ್ಣಬೇಕು. ತೊಳೆಯುವ ಸರದಿಯಲ್ಲಿ ಮುಖ್ಯೋಪಾಧ್ಯಾಯರೂ ಸಭಾಪಾಲಕರೂ ಇದ್ದಾರೆ. ಬೂದಿ ಮತ್ತು ತೆಂಗಿನ ನಾರಿನಿಂದ ತಿಕ್ಕಿದರೆ ನೀರು ಕಡಿಮೆ ಸಾಕು. ತೊಳೆದ ನೀರು ಕರಿಬೇವಿನ ಗಿಡಕ್ಕೆ ಹೋಗುತ್ತದೆ. ತಟ್ಟೆ ಸಾಲದ ದೊಡ್ಡ ಹಬ್ಬಕ್ಕೆ ಅಡಿಕೆ ಹಾಳೆಯ ತಟ್ಟೆ. ಅಗಳಿ ರೊಳ್ಳದ ಕಡೆ ಅಡಿಕೆ ತೋಟಗಳಿರುವುದು ನಮಗೆ ಅನುಕೂಲವಾಯಿತು. ಹಾಳೆ ಗಟ್ಟಿ, ಹರಿದು ಚೂರು ಮಾಡಿ ಗುಂಡಿಗೆ ಹಾಕಬೇಕು.

ಐದು ರೊಟ್ಟಿ ಎರಡು ಮೀನಿನಿಂದ ಯೇಸು ಐದು ಸಾವಿರ ಜನರಿಗೆ ಊಟವಿಟ್ಟ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಯೋಹಾನನ ಸುವಾರ್ತೆಯಲ್ಲಿ ಊಟವಾದ ಮೇಲೆ ಉಳಿದ ಚೂರುಗಳನ್ನು ಆರಿಸಿ ಕೂಡಿಸಲು ಆತ ಶಿಷ್ಯರಿಗೆ ಹೇಳುತ್ತಾನೆ, ಹನ್ನೆರಡು ಪುಟ್ಟಿ ತುಂಬುತ್ತವೆ. ಅಷ್ಟೊಂದು ಮಾಡಬಲ್ಲವನು ಚೂರು ಯಾಕೆ ಆರಿಸಿದ ಎಂದು ಏಳನೆಯ ತರಗತಿಯ ಮುಸ್ಲಿಂ ಹುಡುಗಿಯೊಬ್ಬಳು ಕೇಳಿದಳು. ಈ ಪ್ರಶ್ನೆಯನ್ನು ಮುಂದಿನ ಭಾನುವಾರ ಸಭಾಪಾಲಕರು ತಮ್ಮ ಪ್ರಸಂಗಕ್ಕೆ ಎತ್ತಿಕೊಂಡರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ಎಂಬ ಪತ್ರದಲ್ಲಿ ಉಣ್ಣುವಷ್ಟೇ ಅಡಿಗೆ ಮಾಡುವುದು, ಪ್ಲಾಸ್ಟಿಕ್ ಬಿಡುವುದು, ಕಸ ವಿಂಗಡಿಸುವುದು ಇಂಥ ಸಣ್ಣ ಕೆಲಸಗಳನ್ನೇ ಹೆಸರಿಸಿದ್ದಾರೆ. ದಕ್ಷಿಣ ಭಾರತ ಸಭೆಯವರೂ ತಮ್ಮ ಶಾಲೆಗಳಿಗಾಗಿ ಹಸಿರು ಶಾಲೆ ಕಾರ್ಯಕ್ರಮ ನಡೆಸಿದ್ದಾರೆ. ನಮಗೆ ಇಷ್ಟವಾದದ್ದು ಆ ಹುಡುಗಿಯ ಪ್ರಶ್ನೆ.

ಕ್ರಿಸ್‌ಮಸ್ ನಕ್ಷತ್ರವನ್ನು ಈಗ ಬಿದಿರುಕಡ್ಡಿ ಮತ್ತು ಬಣ್ಣದ ಕಾಗದದಿಂದ ಮಕ್ಕಳೇ ಕಟ್ಟುತ್ತಾರೆ. ಕಳೆದ ಬಾರಿ ಗಾಳಿಗೆ ಎರಡು ಸಲ ಹರಿಯಿತು, ಎರಡು ಸಲವೂ ಅಂಟಿಸಿದರು.

ಬಗೆಹರಿಯದೆ ಉಳಿದಿರುವುದೂ ಒಂದಿದೆ. ಮಧ್ಯಾಹ್ನದ ಊಟದ ಜೊತೆ ಕೊಡುವ ಚಿಕ್ಕಿ ಮಕ್ಕಳಿಗೆ ಒಳ್ಳೆಯದು, ನಮ್ಮ ಸೀಮೆಯ ಶೇಂಗಾ ಬೆಲ್ಲದ ತಿಂಡಿ. ಅದರ ಹೊದಿಕೆ, ಅಂಗಡಿಯ ಕುರುಕಲು ತಿಂಡಿಗಳ ಹೊಳೆಯುವ ಚೀಟಿ, ಶಾಂಪೂ ಚೀಟಿ ಇವುಗಳನ್ನು ಗುಜರಿಯವನು ಮುಟ್ಟುವುದಿಲ್ಲ. ಹೊಳೆಯುವ ಚೀಟಿಗಳಲ್ಲಿ ಪ್ಲಾಸ್ಟಿಕ್ಕಿಗೆ ಅಲ್ಯುಮಿನಿಯಂ ತೆಳುವಾಗಿ ಅಂಟಿರುತ್ತದೆ, ಬಿಡಿಸಲು ಆಗುವುದಿಲ್ಲ. ಮಧುರೆಯ ರಸಾಯನಶಾಸ್ತ್ರ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರು ಹಳೆಯ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆ ಮಾಡುವ ವಿಧಾನ ಕಂಡುಹಿಡಿದು 2018ರಲ್ಲಿ ಪದ್ಮಶ್ರೀ ಪಡೆದರು. ಕಾಸರಗೋಡಿನ ನಮ್ಮ ಕನ್ನಡಿಗರ ಮನೆಗಳಿಗೆ ಕೇರಳದ ಹರಿತ ಕರ್ಮಸೇನೆಯ ಹೆಂಗಸರು ಬಂದು ತೊಳೆದ ಪ್ಲಾಸ್ಟಿಕ್ ಒಯ್ಯುತ್ತಾರೆ. ನಮ್ಮ ಹಳ್ಳಿಗಳ ಹೊರಗೂ 'ಚೆತ್ತ ನುಂಚಿ ಸಂಪದ' ಎಂದು ತೆಲುಗಿನಲ್ಲಿ ಬರೆದ ಶೆಡ್ಡುಗಳಿವೆ. ನಮ್ಮ ಶಾಲೆಯ ಚೀಟಿಗಳಂತೂ ತೊಳೆದು, ಒಣಗಿಸಿ, ಕಟ್ಟಿಟ್ಟ ನಾಲ್ಕು ಗೋಣಿಚೀಲಗಳಾಗಿ ಉಗ್ರಾಣದಲ್ಲಿ ಕುಳಿತಿವೆ. ಆಯಮ್ಮನವರು ಅವುಗಳನ್ನು ಕಂಡಾಗಲೆಲ್ಲ, "ಒಂದು ಕಡ್ಡಿ ಗೀರಿದ್ರೆ ಮುಗೀತಿತ್ತಲ್ಲ ಸಾರ್" ಎಂದು ನಗುತ್ತಾರೆ. ಅವರ ಕೆಮ್ಮು ಈಗ ಕಡಿಮೆಯಾಗಿದೆ. ಐದನೆಯ ಗೋಣಿಚೀಲಕ್ಕೆ ಜಾಗ ಮಾಡಬೇಕಾಗಿದೆ.